ನಾನ್‌ಸೆನ್ಸ್ ಅನ್ನುವ ಮೊದಲು

ಹುಲಿಕುಂಟೆಯ ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಹುಬ್ಬು ಮಾತ್ರ ಪೂರ್ತಿ ನರೆತಿತ್ತು. ತಪ್ಪು ಉತ್ತರ ಕೇಳಿದಾಗ ಅದೊಂದೇ ಮೇಲೇಳುತ್ತಿತ್ತು. ಇನ್ನೊಂದು ನಮ್ಮ ಸಹವಾಸವೇ ಬೇಡವೆಂದು ಸುಮ್ಮನಿರುತ್ತಿತ್ತು.

ಈಗ ನಾನೂ ಶಿರಾದಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಸಿಲ್ಲಿ, ರಿಡಿಕ್ಯುಲಸ್, ಅಬ್ಸರ್ಡ್ ಎಲ್ಲಕ್ಕೂ ಮಕ್ಕಳು ‘ಅರ್ಥವಿಲ್ಲದ್ದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ. ಮೇಷ್ಟ್ರಿಗೆ ಸಾಕಾಗುತ್ತಿರಲಿಲ್ಲವೇ? ಆಗುತ್ತಿತ್ತು. ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು: “ಮಗು ಎರಡು ಕಾಲ್ನೂ ಚಡ್ಡಿಯ ಒಂದೇ ತೂತಿಗೆ ತೂರಿಸಿದ್ರೆ ಸಿಲ್ಲಿ. ನಾನು ಅಂಗೆ ಹಾಕ್ಕಂಡು ಸಂತೆಗೆ ಹೋದ್ರೆ ರಿಡಿಕ್ಯುಲಸ್. ಊರೋರೆಲ್ಲ ಅಂಗೇ ಹಾಕ್ಕಂಡು, ಸರಿಯಾಗಿ ಹಾಕ್ಕಂಡೋನಿಗೆ ದಂಡ ಹಾಕಿದ್ರೆ ಅಬ್ಸರ್ಡ್.” ನಾನ್‌ಸೆನ್ಸ್ ಎಂಬ ಪದವನ್ನು ಮಾತ್ರ ಜಿಪುಣರಂತೆ ಬಳಸುತ್ತಿದ್ದರು. “ಅರ್ಥ ಹುಡುಕಿ ಸೋತ ಮೇಲೆ ಅನ್ಬೇಕು ಅದ್ನ.”

ಹತ್ತನೆಯದು ಪಾಸಾದಾಗ ಶಿರಾದ ಕಾಲೇಜಿಗೆ ಸೇರುತ್ತೇನೆಂದು ಹಟ ಹಿಡಿದೆ. ಕುರಿ ಕಾಯುವ ಅಪ್ಪ ಮನೆದೇವರ ಮುಂದೆ ಹೂ ಕೇಳಿಸಿದ. ದೇವರ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿತ್ತು. ಅಳುತ್ತಾ ಮೇಷ್ಟ್ರ ಹತ್ತಿರ ಹೋಗಿ, “ಬರೀ ನಾನ್‌ಸೆನ್ಸ್ ಸಾರ್” ಎಂದೆ.

“ಅರ್ಥ ಹುಡುಕ್ದಾ? ಇಲ್ವಲ್ಲ, ನಡಿ.”

ಮನೆಗೆ ಬಂದವರು ದೇವರ ಸುದ್ದಿಯನ್ನೇ ಎತ್ತಲಿಲ್ಲ. “ನಿಂಗೇನು ಭಯ ಹೇಳಪ್ಪ” ಎಂದು ಅಪ್ಪನನ್ನು ಕೇಳಿದರು.

ಅಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಕೆಳಗಿಟ್ಟ. “ಸಾಯಂಕಾಲದ ಬಸ್ಸು ಬರೋದು ಕತ್ಲಾದ್ಮೇಲೆ ಮೇಷ್ಟ್ರೇ. ನಾನು ರಾತ್ರಿನೂ ಕುರಿ ಮಂದೆ ತಾವೇ ಇರ್ತೀನಿ. ಹೆಣ್ಮಗು ಒಬ್ಳೇ ಹೆಂಗೆ ಬತ್ತಾಳೆ?”

“ಬಸ್‌ಸ್ಟಾಪಿಂದ ನಾನು ಕರ್ಕಂಡು ಬತ್ತೀನಿ. ಅದ್ನೂ ಸೇರಿಸಿ ದೇವ್ರನ್ನ ಇನ್ನೊಂದ್ಸಲ ಕೇಳ್ಬುಡು.”

ಈ ಸಲ ಹೂ ಬಲಕ್ಕೆ ಬಿತ್ತು.

ಕಾಲೇಜು ಮುಗಿಯುವವರೆಗೂ ಅವರು ಬಂದರು. ದಾರಿಯಲ್ಲಿ ಮಾತು ಕಡಿಮೆ, ಇಬ್ಬರಿಗೂ ದಣಿವು. ಟಾರ್ಚನ್ನು ನನ್ನ ಕಾಲ ಮುಂದೆ ಹಿಡಿದು ತಾವು ಎಡವುತ್ತಿದ್ದರು. ಅಪ್ಪ ಅವರಿಗೆ ಒಮ್ಮೆಯೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಅದು ಅವನಿಗೆ ಬರುವುದಿಲ್ಲ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಚಟ್ಟ ಎತ್ತುವಾಗ, ಮಂಡಿನೋವಿನಲ್ಲಿ ಕುಂಟುವ ಅಪ್ಪ ಜನರನ್ನು ಸರಿಸಿಕೊಂಡು ಮುಂದೆ ಬಂದ. “ನಿಮ್ ಕೈಲಾಗಲ್ಲ, ಬಿಡಿ ಯಜಮಾನ್ರೇ” ಎಂದು ಮೇಷ್ಟ್ರ ಮಗ ತಡೆದರು.

“ನನ್ ಮಗೀನ ಮನೆಗಂಟ ಬುಟ್ಟೋರು ಕಣಪ್ಪ. ನಾನೂ ಅವ್ರನ್ನ ಒಂದಷ್ಟು ದೂರ ಬುಟ್ಟು ಬತ್ತೀನಿ” ಎಂದು ಅಪ್ಪ ಹೆಗಲು ಕೊಟ್ಟ.