ತಾತ ಹಾಕಿದ ಬೈಂಡು

ಹರೆಯದ ಮಕ್ಕಳಿಗಾಗಿ ಕಾದಂಬರಿ ಬರೆಯುವುದು ನನ್ನ ಕೆಲಸ. ಬರೆಯುವುದು ಶಿವಮೊಗ್ಗದ ಹೊಸಮನೆಯಲ್ಲಿ ಕೂತು. ಮೊದಲು ಓದುವವಳು ಭದ್ರಾವತಿಯಲ್ಲಿರುವ ನನ್ನ ತಂಗಿಯ ಮಗಳು. ಪಿಯುಸಿ ಹುಡುಗಿ, ನಾಲಿಗೆ ಮಹಾ ಚುರುಕು.

"ನಿನ್ನ ಕಥೆ ಹುಡುಗೀರು ಪುಣ್ಯವಂತರು ಬಿಡು ದೊಡ್ಡಮ್ಮ. ಮಧ್ಯದಲ್ಲಿ ತಪ್ಪು ಮಾಡ್ತಾರೆ, ಕೊನೆ ಅಧ್ಯಾಯದಲ್ಲಿ ಸಾರಿ ಕೇಳ್ತಾರೆ, ಎಲ್ಲ ಸರಿಹೋಗುತ್ತೆ" ಎಂದು ರೇಗಿಸುತ್ತಿದ್ದಳು.

"ಅವರ ತಪ್ಪು ನೋಡಿ ನೀನು ಕಲೀಲಿ ಅಂತ ತಾನೇ ಬರೆಯೋದು?" ಎನ್ನುತ್ತಿದ್ದೆ ನಾನು. ಅಬ್ಬಾ, ಎಂಥ ಜಂಬ ನನಗೆ!

ನನ್ನ ಅಪ್ಪ ಇದ್ದದ್ದು ಅವಳ ಮನೆಯಲ್ಲೇ, ಕಾಗದನಗರದ ಪಕ್ಕದ ಬಾಡಿಗೆ ಮನೆಯಲ್ಲಿ. ಜೀವಮಾನವೆಲ್ಲ ಪೇಪರ್ ಮಿಲ್ಲಿನಲ್ಲಿ ದುಡಿದವರು. ಕೈಗೆ ಯಾವ ಕಾಗದ ಸಿಕ್ಕರೂ ಮೊದಲು ಬೆರಳಲ್ಲಿ ಉಜ್ಜಿ, ಆಮೇಲೆ ಬೆಳಕಿಗೆ ಹಿಡಿದು ನೋಡುವರು. ಲಗ್ನಪತ್ರಿಕೆ ಬಂದರೂ ಅಷ್ಟೇ. ಯಾರ ಮದುವೆ ಎಂದು ಓದುವುದು ಕೊನೆಗೆ. ಮಿಲ್ಲು ನಿಂತ ಮೇಲೂ ಅಲ್ಲಿಯ ದಪ್ಪ ಕಂದು ಕಾಗದದ ಒಂದು ಸುರುಳಿ ಅವರ ಮಂಚದ ಕೆಳಗೆ ಉಳಿದಿತ್ತು. ಪ್ರತಿ ಜೂನ್‌ನಲ್ಲಿ ಅದರಿಂದ ಮೊಮ್ಮಗಳ ಪುಸ್ತಕಗಳಿಗೆ ಬೈಂಡ್ ಹಾಕುವುದೆಂದರೆ ಅವರಿಗೆ ಹಬ್ಬ. ಅಂಟು ಮುಟ್ಟುತ್ತಿರಲಿಲ್ಲ, ಮಡಿಕೆಯಲ್ಲೇ ಬಿಗಿ ಮಾಡುತ್ತಿದ್ದರು. ಈ ವರ್ಷ ಸುರುಳಿ ಮುಗಿದೇ ಹೋಯಿತು.

ಕಾಲೇಜಿನಲ್ಲಿ ಗೆಳತಿಯರು ನಕ್ಕರಂತೆ. "ಏನೇ ಇದು, ರೇಷನ್ ಅಂಗಡಿ ಪೊಟ್ಟಣನಾ?" ಹುಡುಗಿಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಎಲ್ಲ ಬೈಂಡುಗಳನ್ನೂ ಕಿತ್ತು ಬಚ್ಚಲ ಒಲೆಗೆ ತುರುಕಿ, ಪುಸ್ತಕಗಳಿಗೆ ಹೊಳೆಯುವ ಪ್ಲಾಸ್ಟಿಕ್ ಹಾಕಿದಳು. ಬೆಳಿಗ್ಗೆ ಆ ಒಲೆ ಹೊತ್ತಿಸುವವರು ಅಪ್ಪನೇ ಎಂಬುದು ಅವಳಿಗೆ ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಒಂದು ಬೈಂಡನ್ನು ಹೊರಗೆಳೆದು, ಮಂಡಿಯ ಮೇಲಿಟ್ಟು ಸವರಿ ನೇರ ಮಾಡಿದರಂತೆ. ಹಲ್ಲುಜ್ಜುತ್ತಾ ಬಾಗಿಲಿಗೆ ಬಂದ ಮೊಮ್ಮಗಳು ಅಲ್ಲೇ ಕಲ್ಲಾಗಿ ನಿಂತಳು. ಅವರು ಬೈಯಲಿಲ್ಲ. "ಗಟ್ಟಿ ಕಾಗದ ಮಾರಾಯ್ತಿ, ಬೇಗ ಹತ್ತಲ್ಲ. ಕೆಳಗೆ ಒಣ ತೆಂಗಿನ ಗರಿ ಇಡ್ಬೇಕಿತ್ತು" ಎಂದು ಮತ್ತೆ ಒಲೆಯೊಳಗಿಟ್ಟು ಬೆಂಕಿ ಕೊಟ್ಟರು. ಆಮೇಲೆ ಅವಳ ಪುಸ್ತಕ ಮುಟ್ಟಲಿಲ್ಲ.

ಅವಳು ನನಗೆ ಫೋನ್ ಮಾಡಿ ಗೊಳೋ ಎಂದು ಅತ್ತಳು.

"ಈಗ್ಲೇ ಹೋಗಿ ತಪ್ಪಾಯ್ತು ಅನ್ನೇ" ಎಂದೆ.

"ಅಷ್ಟಂದ್ರೆ ಸಾಕಾ ದೊಡ್ಡಮ್ಮ? ನಿನ್ನ ಕಾದಂಬರಿ ಹುಡುಗಿ ಮಾಡಿದ ಹಾಗೆ ಮಾಡ್ತೀನಿ. ಪರೀಕ್ಷೆ ಮುಗೀಲಿ, ತಾತನ್ನ ಸಕ್ರೆಬೈಲಿಗೆ ಕರ್ಕೊಂಡು ಹೋಗ್ತೀನಿ. ಹೊಳೇಲಿ ಆನೆ ಸ್ನಾನ ನೋಡ್ತಾ ನೋಡ್ತಾ ಕೇಳ್ತೀನಿ."

ನನ್ನ ಕಾದಂಬರಿಯ ಹುಡುಗಿ ತನ್ನ ಅಪ್ಪನ ಹತ್ತಿರ ಕ್ಷಮೆ ಕೇಳಿದ್ದು ಹೊಳೆಯ ದಂಡೆಯಲ್ಲೇ. ಆ ಪುಟ ಬರೆಯುವಾಗ ನಾನೇ ಅತ್ತಿದ್ದೆ. ಆದ್ದರಿಂದ ಫೋನಿನಲ್ಲಿ ಖುಷಿಯಾಗಿ ಹೂಂ ಅಂದುಬಿಟ್ಟೆ. ಕಥೆಯಲ್ಲಾದರೆ ಆ ಅಪ್ಪನನ್ನು ಬೇಕಾದಷ್ಟು ದಿನ ಬದುಕಿಸಿಡುವುದು ನನ್ನ ಕೈಯಲ್ಲಿತ್ತು.

ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಒಲೆ ಹೊತ್ತಿಸಲು ಹೋದವರು ಬಚ್ಚಲ ಹೊಸಿಲ ಮೇಲೆ ಕೂತರು. ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನ ಭದ್ರಾ ಹೊಳೆಯ ದಂಡೆಯಲ್ಲಿ ಎಡೆ ಇಟ್ಟೆವು. ಸತ್ತವರು ಕಾಗೆಯಾಗಿ ಬಂದು ಎಡೆ ಮುಟ್ಟಬೇಕು. ಮುಟ್ಟದಿದ್ದರೆ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮಲ್ಲಿ ನಂಬಿಕೆ. ಕಾಗೆಗಳು ಮರದ ಮೇಲೇ ಕೂತಿದ್ದವು. "ಅಪ್ಪಾ, ಮನೆ ಚಿಂತೆ ಬಿಡಿ" ಎಂದಳು ತಂಗಿ. "ನಾವಿಬ್ರೂ ಚೆನ್ನಾಗಿರ್ತೀವಿ" ಎಂದೆ ನಾನು. ಊಹೂಂ, ಒಂದೂ ಅಲ್ಲಾಡಲಿಲ್ಲ.

ಆಗ ಹುಡುಗಿ ಮುಂದೆ ಬಂದು, ನೆಂಟರೆಲ್ಲರ ಎದುರು ಕೈ ಮುಗಿದಳು. "ತಾತಾ, ಬೈಂಡ್ ಒಲೆಗೆ ಹಾಕಿದ್ದು ತಪ್ಪಾಯ್ತು. ಬಾ ತಾತಾ. ನಂಗೋಸ್ಕರ ಬಾ."

ಒಂದು ಕಾಗೆ ಕೆಳಗಿಳಿಯಿತು. ಕತ್ತು ಓರೆ ಮಾಡಿ ನಮ್ಮ ಎಡೆ ನೋಡಿತು. ಬಂದೇ ಬರುತ್ತದೆ ಎಂದುಕೊಂಡೆ. ಅದು ಕುಪ್ಪಳಿಸುತ್ತಾ ಹೋಗಿ ಪಕ್ಕದ ಯಾರದೋ ಎಡೆಗೆ ಬಾಯಿ ಹಾಕಿತು.

ಬಿಸಿಲೇರಿತು. "ಇನ್ನೆಷ್ಟೊತ್ತು ಕಾಯೋದು, ಹಸುಗೆ ಕೊಟ್ಬಿಡಿ" ಎಂದರು ಹಿರಿಯರೊಬ್ಬರು. ಕೊಟ್ಟೆವು.

ವಾಪಸು ಬರುವಾಗ ಆಟೋದಲ್ಲಿ ಅವಳನ್ನು ತಬ್ಬಿಕೊಂಡೆ. "ಕಾಗೆಗೇನು ಗೊತ್ತು ಪುಟ್ಟಾ? ತಾತಂಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ" ಎಂದೆ. ಅವಳು ಹೊರಗೆ ನೋಡುತ್ತಿದ್ದಳು.

"ಇದನ್ನೂ ಬರೀತೀಯಲ್ವಾ?"

ನಾನು ತಬ್ಬಿದ್ದ ಕೈ ತೆಗೆದು ಸೆರಗು ಸರಿಮಾಡಿಕೊಂಡೆ.

"ಬರಿ. ಆದ್ರೆ ಕಾಗೆ ಬಂತು ಅಂತ ಬರೀಬೇಡ ದೊಡ್ಡಮ್ಮ."