ದೋಣಿ ಹಲಗೆಯ ಮೊಳೆಗಳು

ತಲ್ಲೂರಿನಲ್ಲಿ ಹಳೆ ಮರ ಮಾರುವ ಅಂಗಡಿಯೊಂದರಲ್ಲಿ ಹಲಗೆಗಳಿಂದ ಮೊಳೆ ತೆಗೆಯುವವರೊಬ್ಬರಿದ್ದರು. ಕಂಪ್ರೆಸರಿನ ಗಾಳಿಯಿಂದ ನಡೆಯುವ ಗನ್ನನ್ನು ಮೊಳೆಯ ತುದಿಗಿಟ್ಟು ಒತ್ತಿದರೆ, ಮೊಳೆ ತಲೆಯ ಕಡೆಯಿಂದ ಟಪ್ಪೆಂದು ಹೊರಗೆ ಹಾರುತ್ತಿತ್ತು. ಒತ್ತುವ ಮೊದಲು, "ಮೆಲ್ಲ ಬಾ ಮಾರಾಯ," ಎಂದು ಮೊಳೆಗೇ ಹೇಳುತ್ತಿದ್ದರು.

ಒಮ್ಮೆ ತ್ರಾಸಿಯ ಮೀನು ಮಾರುವ ಹೆಂಗಸೊಬ್ಬರು, ತೀರಿಹೋದ ಗಂಡನ ದೋಣಿಯಲ್ಲಿ ಉಳಿದಿದ್ದ ಒಂದೇ ಹಲಗೆಯನ್ನು ತಂದರು. ಅಡುಗೆಮನೆಯ ಕಿಟಕಿಗೆ ಅದರದೇ ಬಾಗಿಲು ಮಾಡಿಸುವ ಆಸೆ ಅವರಿಗೆ.

"ಹ್ವಾಯ್, ಇದ್ ಸೀಳಿರೆ ಇನ್ನೊಂದ್ ಇಲ್ಲ ಕಾಣಿ!" ಎಂದರು.

ಮೊಳೆ ತೆಗೆಯುವವರು ಗನ್ನಿನ ಗಾಳಿ ತಗ್ಗಿಸಿದರು. ತುಕ್ಕು ಹಿಡಿದ ಒಂದೊಂದು ಮೊಳೆಗೂ ಎಣ್ಣೆ ಕುಡಿಸಿ, ಕಾದು, ಕಾದು ಹೊರತೆಗೆದು, ಕೊನೆಗೆ ಹಲಗೆಯನ್ನು ಇಡಿಯಾಗಿ ಅವರ ಕೈಗಿಟ್ಟರು. ಆಕೆ ಮೊಳೆಯ ತೂತುಗಳ ಮೇಲೆ ಕಿರುಬೆರಳು ಆಡಿಸಿದರು.

"ಬಾಗ್ಲ್ ಹಾಕಿರೂ ಗಾಳಿ ಬತ್ತಲ್ದಾ?"

"ಬರ್ಲಿ ಬಿಡಿ ಅಕ್ಕ. ಇಷ್ಟ್ ವರ್ಷ ನೀರ್ ಒಳ್ಗ್ ಬಪ್ಪುಕೆ ಬಿಡ್ಲಿಲ್ಲ ಅದು. ಇನ್ ಚೂರ್ ಗಾಳಿ ಬರ್ಲಿ."