ನೆರಳಿನ ಹಿತ್ತಲಿಗೆ ಅಜ್ಜಿ ಆರಿಸಿದ ಹೂ

ಈ ಮಳೆಗಾಲದ ಮೊದಲ ಸುಗಂಧಿ ಇವತ್ತು ಹಿತ್ತಲಲ್ಲಿ ಅರಳಿತು. ಆ ಘಮ ಮೂಗಿಗೆ ಬಡಿದದ್ದೇ ತಡ, ಅಜ್ಜಿಯ ದನಿ ಕೇಳಿದಂತಾಯಿತು.

ನಾನು ಚಿಕ್ಕವನಿದ್ದಾಗ ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಪಕ್ಕ ಕಾರ್ಖಾನೆಯ ಗೋಡೆ ಎದ್ದು, ಹಿತ್ತಲಿಗೆ ಬಿಸಿಲೇ ಇಲ್ಲವಾಯಿತು. ಅಜ್ಜಿಯ ದುಂಡುಮಲ್ಲಿಗೆ ಹೂ ಬಿಡುವುದನ್ನೇ ನಿಲ್ಲಿಸಿತು. ಅಲ್ಲಿ ಬಾಡಿಗೆಗೆ ಶೀಟಿನ ಕೋಣೆ ಹಾಕಬೇಕೆಂದು ಅಪ್ಪನ ಆಸೆ.

"ಈ ನೆರಳಲ್ಲಿ ಇನ್ನೇನಮ್ಮ ಬೆಳೀತೈತೆ?" ಎಂದರು.

"ಬಿಸಿಲಿಲ್ಲ ಅಂತ ಅಳೋ ಗಿಡ ನಂಗ್ಯಾಕ್ಲಾ? ನೆರಳು ಕಂಡ್ರೆ ಕುಣಿಯೋದನ್ನ ತತ್ತೀನಿ," ಎಂದಳು ಅಜ್ಜಿ.

ತವರಿನಿಂದ ಸುಗಂಧಿಯ ಗೆಡ್ಡೆ ತಂದು, ಬಚ್ಚಲ ನೀರು ಹರಿಯುವ ಕಡೆಯೆಲ್ಲ ಊರಿದಳು. ಶುಂಠಿಯಂಥ ಗಿಡ, ಚಿಟ್ಟೆಯಂಥ ಬಿಳಿ ಹೂ. ಅಪ್ಪ ಮೇಸ್ತ್ರಿಯನ್ನು ಕರೆತರುವ ಹೊತ್ತಿಗೆ ಬೀದಿಯೆಲ್ಲ ಘಮ್ಮೆನ್ನುತ್ತಿತ್ತು. ಮೇಸ್ತ್ರಿ ಹಾರೆ ಕೆಳಗಿಟ್ಟ.

"ಹೂ ಬಿಟ್ಟಿರೋ ಗಿಡ ಕೀಳಬಾರ್ದು ಯಜಮಾನ್ರೇ. ಹೂ ಮುಗೀಲಿ, ಬತ್ತೀನಿ."

"ಬಾರಪ್ಪ, ಅಷ್ಟೊತ್ತಿಗೆ ಇನ್ನೊಂದು ಮೊಗ್ಗಿರ್ತದೆ!" ಎಂದು ಅಜ್ಜಿ ನಕ್ಕಳು.

ಮರುಮಳೆಗೆ ಗೆಡ್ಡೆ ಹಿತ್ತಲೆಲ್ಲ ಹಬ್ಬಿತು. ಅಪ್ಪ ಕೋಣೆಯ ಮಾತೇ ಬಿಟ್ಟರು.

ಈಗ ಸುತ್ತಲೂ ಮಹಡಿಗಳೆದ್ದು ನೆರಳು ಇನ್ನಷ್ಟು ದಟ್ಟವಾಗಿದೆ. ಈ ಜಾಗ ಕೇಳಿಕೊಂಡು ಬ್ರೋಕರ್‌ಗಳು ಬರುತ್ತಲೇ ಇರುತ್ತಾರೆ. ಹೂ ಬೇಕಾದರೆ ಬೊಗಸೆ ತುಂಬ ಕೊಡುತ್ತೇನೆ. ಜಾಗವನ್ನಂತೂ ಕೊಡುವುದಿಲ್ಲ.